ಉಣ್ಣೆ ಆರಿಸೂದು

ಹೋದ ಚಳಿಗಾಲದಾಗ ವಾಚನಾಲಯದ ಮಾಸ್ತರರು ಒಂದು ಪುಸ್ತಕದಾಗಿನ ಚಿತ್ರ ತೋರಿಸಿದರು. ಮಂಗೋಲಿಯಾ ದೇಶದ ಕುರಿಗಾರರ ಮನಿ. ಗುಂಡಗ ಅದ. ಕಟ್ಟಿಗಿ ಜಾಳಿಗಿಯ ಮ್ಯಾಲ ಉಣ್ಣೆಯ ದಪ್ಪ ಹಾಸು ಹೊದಿಸಿರತಾರ. ಅದು ಮಗ್ಗದಾಗ ನೇಯ್ದದ್ದಲ್ಲ. ಉಣ್ಣೆ ಬಡಿದು, ಹರವಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರಿಗೆ ಕಟ್ಟಿ ಬಯಲಾಗ ಉರುಳಿಸತಾರ. ಎಳಿಗೆ ಎಳಿ ಹಿಡಕೊಂಡು ಗಟ್ಟಿ ಆಗತದ. ಚಳಿ ಹೆಚ್ಚಾದರ ಒಂದು ಪದರಿನ ಮ್ಯಾಲ ಇನ್ನೊಂದು.

"ಕಾಕಾ, ಇವರು ನಿಮ್ಮ ಕಂಬಳಿಯ ಬೀಗರು ನೋಡ್ರಿ" ಅಂದರು ಮಾಸ್ತರರು. ಎಲ್ಲಾರೂ ನಕ್ಕರು. ನನಗ ಮಾತ್ರ ನಮ್ಮಪ್ಪ ನೆನಪಾದ.

ಕಂಬಳಿ ಆರಿಸೂದನ್ನ ಅಪ್ಪ ನನಗ ಸಣ್ಣಾಂವ ಇದ್ದಾಗಲೇ ಕಲಿಸಿದ್ದ. ಮೂಗಿಗೆ ಹಿಡಿದರ ಕುರಿ ವಾಸನಿ ಬರಬೇಕು. ಅಂಗೈಗೆ ಚುಚ್ಚಬೇಕು. ಬಿಸಲಿಗೆ ಹಿಡಿದರ ಜಾಳ ಕಾಣಬಾರದು. ನಾಕು ಹನಿ ನೀರು ಹಾಕಿದರ ಲಗೂನ ಒಳಗ ಇಳಿಯಬಾರದು. ಕಡೀಕ ಒಂದು ಎಳಿ ಕಿತ್ತು ಸುಡಬೇಕು. ಕೂದಲ ಸುಟ್ಟ ನಾತ ಬಂದು ಬೂದಿ ಆದರ ಉಣ್ಣೆ, ಕರಗಿ ಗಂಟಾದರ ಪ್ಲಾಸ್ಟಿಕ್ಕು.

ಇಷ್ಟೆಲ್ಲಾ ಗೊತ್ತಿದ್ದೂ ನಾಕು ವರ್ಷದ ಹಿಂದ ಒಂದು ಸಂತ್ಯಾಗ, ಸೋವಿ ಸಿಕ್ಕಿತಂತ, ಅಪ್ಪಗ ಒಂದು ಕರೀ ಕಂಬಳಿ ತಂದೆ. ಎಳಿ ಸುಟ್ಟು ನೋಡಲಿಲ್ಲ. ಬೆಳಿಗ್ಗೆ ಅಪ್ಪ ಮುದುಡಿಕೊಂಡು ಕೂತಿದ್ದ. "ಇದು ಕುರೀದಲ್ಲ ತಮ್ಮಾ" ಅಂದ, ಅಷ್ಟ. ಬೈದಿದ್ದರ ಚಲೋ ಇತ್ತು.

ಅವತ್ತೇ ಬಾಜೂ ಊರಿನ ನೇಕಾರ ಅಜ್ಜನ ಕಡೆ ಹೋದೆ. ಮಗ್ಗದ ಕುಣಿ ಖಾಲಿ ಇತ್ತು. ಹುಣಸಿ ಬೀಜದ ಗಂಜಿ ಕಾಸೂ ಪಾತ್ರಿ ಬೋರಲ ಬಿದ್ದಿತ್ತು. "ಉಣ್ಣೆ ಎಲ್ಲಿಂದ ತರಲಿ? ನಿನ್ನ ಹಿಂಡಿನ್ಯಾಗ ಏನೈತಿ ಹೇಳು" ಅಂದ ಅಜ್ಜ.

ನನ್ನ ಬಾಯಿ ಕಟ್ಟಿತು. ನನ್ನ ಹಿಂಡೆಲ್ಲಾ ಮಾಡಗ್ಯಾಳ ಕುರಿ. ನಮ್ಮ ಜತ್ತ ತಾಲೂಕಿನವೇ. ಎತ್ತರ ನಿಲುವು, ಗಿಳಿ ಮೂಗು, ಮಾಂಸಕ್ಕ ಒಳ್ಳೆ ಬೆಲಿ. ಆದರ ಕಂಬಳಿಗೆ ಆಗೂವಷ್ಟು ಉಣ್ಣೆ ಇಲ್ಲ. ಕರೀ ದಖ್ಖನಿ ಕುರಿ ಒಂದೊಂದಾಗಿ ಮಾರಿದಾಂವ ನಾನೇ. ಡೊಳ್ಳು ಹಾಕಿಕೊಂಡು ಊರೂರಿಗೆ ಕುರಿ, ಉಣ್ಣೆ, ಕಂಬಳಿ ಅಂತ ಹಾಡಿದಾಂವನೂ ನಾನೇ.

ಅಜ್ಜ ತಾನು ಹೊತ್ತಿದ್ದ ಕಂಬಳಿ ತೆಗೆದು ಕೊಟ್ಟ. ರೊಕ್ಕ ಮುಟ್ಟಲಿಲ್ಲ. ಅಪ್ಪ ತನ್ನ ಕಡೀ ಚಳಿಗಾಲ ಅದರಾಗ ಬೆಚ್ಚಗ ಕಳೆದ.

ಈಗ ಹಿಂಡಿನ್ಯಾಗ ಆರು ಕರೀ ಕುರಿ ಸಾಕೀನಿ. ವರ್ಷಕ್ಕ ಎರಡು ಸಲ ಉಣ್ಣೆ ಕತ್ತರಸತೀನಿ. "ಇವುಗಳಿಂದ ಏನು ಲಾಭ ಅಪ್ಪಾ?" ಅಂತಾನ ಮಗ. ಲೆಕ್ಕ ಹಾಕಿದರ ಅಂವನ ಮಾತೇ ಖರೆ. ಆದರೂ ಬೇವಿನ ಎಲಿ ಹಾಕಿ ಉಣ್ಣೆ ಚೀಲದಾಗ ಕಟ್ಟಿಟ್ಟೀನಿ. ಅಜ್ಜನ ಕೈ ಇನ್ನೂ ಆಡತಾವ. ದೀಪಾವಳಿ ಒಳಗ ಒಂದು ಕಂಬಳಿ ನೇಯಿಸಬೇಕು, ಮದಲ ಅಂವಗೇ ಹೊದಿಸಬೇಕು.