ಬಿಲ್ಲಿನ ಹಿಂಬದಿಯ ಇಂಗ್ಲಿಷ್

ವಡಾಲದ ಹೊಟೇಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ ಕುಂದಾಪುರದ ಕಡೆಯ ಹುಡುಗ ರಾತ್ರಿಶಾಲೆಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದ. ಇನ್ನೊಂದು ಸಲ ಹಾಗಾದರೆ ಊರಿಗೆ ಬಾ ಎಂದು ಅಪ್ಪ ಬರೆದಿದ್ದರು. ನಿಘಂಟು ಹಿಡಿದು ದಿನಕ್ಕೆ 20 ಪದ ಉರುಹೊಡೆಯುತ್ತಿದ್ದ. ವಾರ ಕಳೆದರೆ ಎರಡೂ ಉಳಿಯುತ್ತಿರಲಿಲ್ಲ. ಪಾಪ, 'ಎ' ಅಕ್ಷರವನ್ನೇ ದಾಟಿರಲಿಲ್ಲ.

ಹಾರ್ಬರ್ ಲೈನಿನಲ್ಲಿ ವಿಟಿಯತ್ತ ಹೋಗುವಾಗ ಶಿವಡಿ ಕಳೆದರೆ ಕಾಟನ್ ಗ್ರೀನ್. ಹತ್ತಿ ಬಿಳಿ, ಹಸಿರೆಲ್ಲಿಂದ ಬಂತು? ಚಹಾಕ್ಕೆ ಬರುತ್ತಿದ್ದ ಬಂದರಿನ ಗುಮಾಸ್ತರೊಬ್ಬರು ನಕ್ಕರು. ಇಲ್ಲಿ ಗ್ರೀನ್ ಎಂದರೆ ಬಣ್ಣವಲ್ಲ, ಬಯಲು. ಹಿಂದೆ ಕೋಟೆಯೊಳಗೆ, ಈಗಿನ ಹಾರ್ನಿಮನ್ ಸರ್ಕಲ್ ಇರುವಲ್ಲಿ, ಬಯಲಿನಲ್ಲೇ ಹತ್ತಿಮೂಟೆ ಪೇರಿಸುತ್ತಿದ್ದರು. 1844ರಲ್ಲಿ ಆ ವ್ಯಾಪಾರ ಕೊಲಾಬಾಕ್ಕೆ ಹೋಯಿತು, ಮುಂದೆ ಈ ಕಡೆಗೆ ಬಂತು. ಬಯಲು ಹೋದರೂ ಹೆಸರು ಬೆನ್ನುಬಿಡಲಿಲ್ಲ.

ಈ ಪದ ಅವನಿಗೆ ಮರೆಯಲೇ ಇಲ್ಲ. ನಿಘಂಟು ಪೆಟ್ಟಿಗೆಯ ತಳ ಸೇರಿತು. ಅನುಮಾನ ಬಂದಾಗ ಮಾತ್ರ ಹೊರಗೆ. ಟೇಬಲ್ಲಿನಲ್ಲಿ ಕೇಳಿದ ಪದವನ್ನು ಹಳೇ ಬಿಲ್ಲಿನ ಹಿಂದೆ ಬರೆಯತೊಡಗಿದ, ಒಂಟಿಯಾಗಿ ಅಲ್ಲ, ಹೇಳಿದವರ ಇಡೀ ವಾಕ್ಯದ ಜೊತೆ. ಮೂರು ಸಲ ತಾನೇ ಬಳಸುವ ತನಕ ಬಿಲ್ಲು ಎಸೆಯುವಂತಿಲ್ಲ. ಡಾಕ್ ಹಡಗಿಗೂ ಉಂಟು, ಕೋರ್ಟಿನ ಆರೋಪಿಗೂ ಉಂಟು ಎಂದು ತಿಳಿದದ್ದು ಹೀಗೆ. ಡೆಮರೇಜ್ ಎಂದರೆ ಗಡುವು ಮೀರಿ ಬಂದರಿನಲ್ಲಿ ಉಳಿದ ಸರಕಿನ ದಂಡ. ಎರಡು ತಾಸು ಟೇಬಲ್ ಬಿಡದ ಗಿರಾಕಿಗೆ ಅದನ್ನೇ ಹಾಕಬೇಕು ಎಂದು ಅಡುಗೆಭಟ್ಟರ ಹತ್ತಿರ ಪ್ರಯೋಗಿಸಿ ನೋಡಿದ. ತಪ್ಪಾಗಿ ಬಳಸಿ ನಗೆಪಾಟಲಾದ ಪದಗಳೇ ಗಟ್ಟಿಯಾಗಿ ಕೂತವು.

ಆ ವರ್ಷ ಇಂಗ್ಲಿಷಿನಲ್ಲಿ 41 ಬಂತು. ಅಪ್ಪನಿಗೆ ಅಂದೇ ಕಾರ್ಡು ಬರೆದ, ಕನ್ನಡದಲ್ಲಿ.