ದಾರಿಯಿಲ್ಲದ ಓಟ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ನಡೆದು ಹೋಗುವವನಿಗೆ ದಿಕ್ಕು ತಪ್ಪುವ ಭಯವಿಲ್ಲ. ಪಡುವಲಿಗೆ ಮಲೆನಾಡಿನ ಕಾಡಂಚು, ಮೂಡಲಿಗೆ ಬಯಲುಸೀಮೆಯ ಎರೆಹೊಲಗಳು, ನಡುವೆ ಊರೂರಿಗೂ ಕೆರೆ. ಹಾನಗಲ್ಲಿಗೆ ತಾರಕೇಶ್ವರನ ಗುಡಿ, ಸವಣೂರಿಗೆ ಮಠದಂಗಳದ ದೈತ್ಯಾಕಾರದ ದೊಡ್ಡಹುಣಸೆ ಮರಗಳು, ಹಿರೇಕೆರೂರಿಗೆ ದುರ್ಗಾದೇವಿ ಕೆರೆ, ಶಿಗ್ಗಾಂವಿಯ ಬಳಿ ಬಂಕಾಪುರದ ಕೋಟೆ—ಇವೇ ಪಯಣಿಗನ ಗುರುತುಗಳು. ಯಾವುದೂ ಕಾಣದಿದ್ದರೆ ದನ ಕಾಯುವ ಹುಡುಗನನ್ನು ಕೇಳಿದರಾಯಿತು.

ಗುಡಿಯಿಲ್ಲ, ಮರವಿಲ್ಲ, ಕೇಳಲು ಮನುಷ್ಯನಿಲ್ಲ. ಮೋಡವಿಳಿದು ಹತ್ತು ಮಾರಿನಾಚೆ ಏನೂ ಕಾಣದು. ಬೆನ್ನ ಮೇಲೆ ಎರಡು ದಿನದ ಸಂಸಾರ. ಹೀಗಿದ್ದೂ ಬೆಟ್ಟದಿಂದ ಬೆಟ್ಟಕ್ಕೆ ಓಡಬೇಕೆಂದರೆ? ಇಂಥದೊಂದು ವಿಚಿತ್ರ ಪಂದ್ಯ ಇಂಗ್ಲೆಂಡಿನಲ್ಲಿ 1968ರಲ್ಲಿ ಹುಟ್ಟಿಕೊಂಡಿತು. ಅದನ್ನು ರೂಪಿಸಿದವರು ಗೆರಿ ಚಾರ್ನ್ಲಿ. ಮೊದಲು ಅದಕ್ಕೆ ಕ್ಯಾರಿಮೋರ್ ಕಂಪನಿಯ ಹೆಸರಿತ್ತು. ಅನಂತರ 'ಒರಿಜಿನಲ್ ಮೌಂಟನ್ ಮ್ಯಾರಥಾನ್' ಎಂದಾಯಿತು.

ಪಂದ್ಯದ ನಿಯಮ ಸರಳವಾದುದು, ಪಾಲನೆ ಕಠಿಣವಾದುದು. ಇಬ್ಬರಿಬ್ಬರದು ಒಂದು ಜೋಡಿ. ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಡೇರೆ, ಹಾಸಿಗೆಯ ಚೀಲ, ಒಲೆ, ಆಹಾರ, ಬೆಚ್ಚನೆಯ ಬಟ್ಟೆ ಎಲ್ಲವನ್ನೂ ತಾವೇ ಹೊರಬೇಕು. ನಕ್ಷೆಯಲ್ಲಿ ತೋರಿದ ಠಾಣೆಗಳನ್ನು ಮುಟ್ಟಬೇಕು. ಒಂದು ಠಾಣೆಯಿಂದ ಇನ್ನೊಂದಕ್ಕೆ ದಾರಿ ಯಾವುದೆಂದು ಯಾರೂ ಹೇಳುವುದಿಲ್ಲ. ನಕ್ಷೆ ಮತ್ತು ದಿಕ್ಸೂಚಿಗಳೇ ಗುರುಗಳು.

ಇಲ್ಲಿ ಕಾಲಿಗಿಂತ ಮೊದಲು ಬುದ್ಧಿ ಓಡಬೇಕು. ಬೆಟ್ಟದ ನಡಿಗೆಗೆ ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿಯೇ ಒಂದು ಲೆಕ್ಕ ಕೊಟ್ಟಿದ್ದಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಈ ಲೆಕ್ಕದಂತೆ 600 ಮೀಟರಿನ ಗುಡ್ಡವೇರಿ ನೇರವಾಗಿ 5 ಕಿಲೋಮೀಟರ್ ಹೋಗಲು ಎರಡು ಗಂಟೆ ಬೇಕು; ಬುಡವನ್ನು ಬಳಸಿ 8 ಕಿಲೋಮೀಟರ್ ಸಮತಟ್ಟಿನಲ್ಲಿ ಹೋದರೆ ಒಂದು ಗಂಟೆ ಮೂವತ್ತಾರು ನಿಮಿಷ ಸಾಕು. ಕೆರೆಯಾಚೆಯ ಊರು ಕಣ್ಣಿಗೆ ಹತ್ತಿರ, ಕಾಲಿಗೆ ದೂರ ಎಂಬುದನ್ನು ಹಾನಗಲ್ಲಿನ ರೈತನೂ ಬಲ್ಲ.

ಈ ಪಂದ್ಯದ ನಿಜವಾದ ಪರೀಕ್ಷೆ ನಡೆದದ್ದು 2008ರ ಅಕ್ಟೋಬರ್ 25ರಂದು, ಸರೋವರಗಳ ನಾಡಾದ ಕಂಬ್ರಿಯಾದ ಬಾರೋಡೇಲ್ ಕಣಿವೆಯಲ್ಲಿ. ಆ ಸೀಮೆಯ ಅತಿ ಎತ್ತರದ ಸ್ಕಾಫೆಲ್ ಪೈಕ್ ಶಿಖರವೇ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು ಮಾತ್ರ. ಆದರೆ ಮಳೆಗೆ ಬಿರುಗಾಳಿಯೂ ಚಳಿಯೂ ಜೊತೆಗೂಡಿದರೆ ಸಣ್ಣ ಗುಡ್ಡವೂ ಯಮನ ಅಂಗಳವೇ. ಅಂದು ಸುಮಾರು 2,500 ಮಂದಿ ಓಟಕ್ಕೆ ಬಂದಿದ್ದರು. ಹಳ್ಳಗಳು ಉಕ್ಕಿ ರಸ್ತೆಗಳನ್ನು ಮುಚ್ಚಿದವು. ಪಂದ್ಯವನ್ನು ನಡುವೆಯೇ ನಿಲ್ಲಿಸಬೇಕಾಯಿತು. ನೂರಾರು ಮಂದಿ ಹಾನಿಸ್ಟರಿನ ಕಲ್ಲಿನ ಗಣಿಯಲ್ಲಿಯೂ ರೈತರ ಕೊಟ್ಟಿಗೆಗಳಲ್ಲಿಯೂ ಆಶ್ರಯ ಪಡೆದರು. ಸಾವಿರದ ಏಳುನೂರು ಜನರ ಸುಳಿವಿಲ್ಲವೆಂಬ ಸುದ್ದಿ ಲೋಕವನ್ನು ನಡುಗಿಸಿತು. ಮನೆಗಳಲ್ಲಿ ಕಾದಿದ್ದ ತಾಯಿತಂದೆಯರ, ಮಡದಿಮಕ್ಕಳ ಆ ರಾತ್ರಿಯನ್ನು ಯಾರಾದರೂ ಊಹಿಸಿಕೊಳ್ಳಬಹುದು.

ಮರುದಿನ ಎಲ್ಲರ ಸುಳಿವೂ ಸಿಕ್ಕಿತು. ಕೆಲವರಿಗೆ ಚಿಕಿತ್ಸೆ ಬೇಕಾಯಿತು, ಪ್ರಾಣಹಾನಿ ಆಗಲಿಲ್ಲ. ಬಹಳ ಮಂದಿ ಕಾಣೆಯಾಗಿರಲಿಲ್ಲ, ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಅಷ್ಟೆ. ಬೆಟ್ಟದಲ್ಲಿ ಉಳಿದವರು ತಾವು ಹೊತ್ತು ತಂದ ಡೇರೆಯೊಳಗೆ ಇರುಳು ಕಳೆದಿದ್ದರು. ಓಟದುದ್ದಕ್ಕೂ ಹೊರೆಯೆನಿಸಿದ ಗಂಟೇ ಅವರನ್ನು ಕಾಯಿತು. ಅಂಥ ಹವೆಯಲ್ಲಿ ಪಂದ್ಯವನ್ನು ಆರಂಭಿಸಿದ್ದೇ ತಪ್ಪೆಂಬ ಟೀಕೆಯೂ ಬಂದಿತು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ಹುಡುಕಲು ಹೋಗುವವನದೂ ಜೀವವೇ.

ಎತ್ತರದ ಬೆಟ್ಟಗಳಿಲ್ಲದ ನಾಲ್ಕು ತಾಲ್ಲೂಕುಗಳಿಗೆ ಈ ಕಥೆಯಿಂದೇನು ಎಂದು ಕೇಳಬಹುದು. ಸ್ವೀಡನ್ನಿನ ಶಾಲೆಗಳಲ್ಲಿ ನಕ್ಷೆ ಹಿಡಿದು ದಾರಿ ಹುಡುಕುವುದು ಪಾಠದ ಒಂದು ಭಾಗ. ಹಾನಗಲ್ಲಿನ ಆನೆಕೆರೆಯ ಏರಿಯ ಮೇಲೆ, ಬಂಕಾಪುರದ ಕೋಟೆಯ ಸುತ್ತ, ಹಿರಿಯರ ಕಣ್ಗಾವಲಿನಲ್ಲಿ ಇಬ್ಬಿಬ್ಬರು ಮಕ್ಕಳು ಒಂದೊಂದು ನಕ್ಷೆ ಹಿಡಿದು ಹೊರಟರೆ ವೆಚ್ಚ ಅಲ್ಪ, ಲಾಭ ಹಿರಿದು. ಓಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು, ಜೊತೆಗಾರನ ಮಾತನ್ನು ಹೇಗೆ ಕೇಳಬೇಕು ಎಂಬುದನ್ನು ಮಾತ್ರ ಕಲಿಯಬೇಕಾಗಿದೆ.