ಪಿಕಪ್ ಎಷ್ಟು ಏರಿತು? ಅಳೆದು ನೋಡಿದೆವು

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳಾಗಿವೆ. ತಾಲ್ಲೂಕು ಹೆಚ್ಚಾದವು, ಸುದ್ದಿಗೆ ಓಡುವವರು ಹೆಚ್ಚಾಗಲಿಲ್ಲ. ಒಂದೇ ವರ್ಷ ಡಿಪ್ಲೊಮಾ ಮುಗಿಸಿದ ನಾವಿಬ್ಬರು ಸ್ಟ್ರಿಂಗರ್‌ಗಳು ಈ ಅಷ್ಟೂ ನೆಲಕ್ಕೆ ಒಂದೇ ಗಾಡಿ ಇಟ್ಟುಕೊಂಡಿದ್ದೇವೆ. ದುಡ್ಡು ಸಿಗುವುದು ಅಚ್ಚಾದ ಸುದ್ದಿಗೆ ಮಾತ್ರ, ಪೆಟ್ರೋಲ್ ನಮ್ಮದೇ.

ಗಾಡಿ 2012ರ ಹೀರೋ ಇಂಪಲ್ಸ್, ಸೆಕೆಂಡ್ ಹ್ಯಾಂಡ್. ಹೀರೋ ಕಂಪನಿ ಇದನ್ನು 2011ರಲ್ಲಿ ಬಿಟ್ಟಾಗ ಡಾಂಬರಿಗೂ ಹೊಲದ ದಾರಿಗೂ ಒಂದೇ ಬೈಕ್ ಎಂಬುದು ನಮ್ಮ ಕಡೆ ಯಾರಿಗೂ ಅರ್ಥವಾಗಲಿಲ್ಲ. ಎತ್ತರದ ಸೀಟು ನೋಡಿ ನಕ್ಕವರೇ ಹೆಚ್ಚು. ನಮಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಗಂಗಾವತಿಯ ಭತ್ತದ ಗದ್ದೆಯ ಬದುವಿನ ಮೇಲೂ, ಮಳೆ ಬಿದ್ದ ಯಲಬುರ್ಗಾದ ಎರೆ ಹೊಲದ ದಾರಿಯಲ್ಲೂ, ಆನೆಗೊಂದಿಯ ಬಂಡೆಗಳ ಸಂದಿಯಲ್ಲೂ ಇದು ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮನ್ನು ಮುನಿರಾಬಾದಿಗೆ ಮುಟ್ಟಿಸಿದ್ದೂ ಇದೇ.

ಕೊರತೆ ಒಂದೇ, ಶಕ್ತಿ. 149.2 ಸಿಸಿ ಎಂಜಿನ್, ಕಂಪನಿ ಹೇಳುವ ಪ್ರಕಾರ 7,500 ಆರ್‌ಪಿಎಂನಲ್ಲಿ 13.2 ಪಿಎಸ್. ಇಬ್ಬರೂ ಕೂತು, ಕ್ಯಾಮೆರಾ ಬ್ಯಾಗ್ ಹೆಗಲಿಗೇರಿಸಿ, ಎದುರುಗಾಳಿಯಲ್ಲಿ ದಿಬ್ಬ ಏರುವಾಗ ಗಾಡಿ ಮುಕ್ಕುತ್ತದೆ. ಈ ತೊಂದರೆಯನ್ನು ಗ್ಯಾರೇಜಿನಲ್ಲಿ ಹೇಳಿಕೊಂಡೆವು. ಮಿಸ್ತ್ರಿಯ ಉತ್ತರ ಸಿದ್ಧವಿತ್ತು.

‘ಸರ, ಸೈಲೆನ್ಸರ್ ಚೇಂಜ್ ಮಾಡ್ರಿ, ಕೋನ್ ಫಿಲ್ಟರ್ ಹಾಕ್ರಿ, ಜೆಟ್ ದೊಡ್ಡದು ಮಾಡ್ರಿ. ಪಿಕಪ್ ಡಬಲ್ ಆಗ್ತೈತಿ. ಹತ್ತು ಸಾವಿರದಾಗ ಗಾಡಿ ಹಾರ್ತೈತ್ರಿ.’

ಹತ್ತು ಸಾವಿರ ನಮಗೆ ಸಣ್ಣ ಮೊತ್ತವಲ್ಲ. ‘ಡಬಲ್’ ಎಂಬ ಮಾತನ್ನು ಪ್ರೆಸ್ ನೋಟಿನಲ್ಲಿ ಓದಿದ್ದರೆ ನಾವು ಲೆಕ್ಕ ಕೇಳುತ್ತಿದ್ದೆವು. ಇಲ್ಲೂ ಕೇಳಿದೆವು. ಸಾಮಾನು ಒಂದೊಂದಾಗಿ ಹಾಕುವುದು, ಪ್ರತಿ ಸಲ ಅಳೆಯುವುದು, ಲಾಭ ಕಾಣದಿದ್ದರೆ ವಾಪಸ್ ತೆಗೆಯುವುದು ಎಂದು ಮಾತಾಯಿತು. ಮಿಸ್ತ್ರಿ ನಕ್ಕರೂ ಒಪ್ಪಿದರು.

ಅಳೆಯಲು ಡೈನೊ ಯಂತ್ರ ಬೇಕು. ಅದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ಮುನ್ನೂರೈವತ್ತು ಕಿಲೋಮೀಟರ್. ಆದರೆ ಪಿಯುಸಿಯ ಭೌತಶಾಸ್ತ್ರ ಪೂರ್ತಿ ಮರೆತಿರಲಿಲ್ಲ. ಚಲಿಸುವ ವಸ್ತುವಿನ ಶಕ್ತಿ ಎಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಗಾಡಿ 134 ಕೆಜಿ, ಓಡಿಸುವವನು 66, ಬ್ಯಾಗ್ 10, ಒಟ್ಟು 210. ಇಷ್ಟು ತೂಕವನ್ನು ಗಂಟೆಗೆ 40 ಕಿ.ಮೀ.ಯಿಂದ 70ಕ್ಕೆ ಏರಿಸಲು ಸುಮಾರು 26,700 ಜೂಲ್ ಬೇಕು. ಅದನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. 735.5 ವ್ಯಾಟ್‌ಗೆ ಒಂದು ಪಿಎಸ್.

ಅದು ಪೂರ್ತಿ ಲೆಕ್ಕವಲ್ಲ, ಗಾಳಿಯನ್ನು ಸೀಳಲು, ಟೈರು ಉರುಳಿಸಲು ಎಂಜಿನ್ ಬೇರೆ ದುಡಿಯುತ್ತಿರುತ್ತದೆ. ಅದಕ್ಕೂ ಉಪಾಯವಿದೆ. ಅದೇ ರಸ್ತೆಯಲ್ಲಿ 70 ದಾಟಿಸಿ, ನ್ಯೂಟ್ರಲ್ ಮಾಡಿ, ಗಾಡಿ ತಾನಾಗಿ 40ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿದರೆ ಗಾಳಿ ಮತ್ತು ರಸ್ತೆ ತಿನ್ನುವ ಪಾಲು ಸಿಗುತ್ತದೆ. ಎರಡನ್ನೂ ಕೂಡಿದರೆ ಚಕ್ರಕ್ಕೆ ಮುಟ್ಟಿದ ಶಕ್ತಿ.

ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ವೇಗ ಹೇಳುವುದರಿಂದ ಸಮಯ ನೋಡಲು ಅದು ಸಾಲದು. ಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಎಂದು ತಾಳೆ ನೋಡಲು ಅದನ್ನು ಬಳಸಿದೆವು: ಮೀಟರ್ 42 ಮತ್ತು 74 ತೋರಿದಾಗ ನಿಜವಾದ ವೇಗ 40 ಮತ್ತು 70. ಇನ್ನೊಂದು ಮೊಬೈಲನ್ನು ಹ್ಯಾಂಡಲ್‌ಗೆ ಕಟ್ಟಿ ಮೀಟರಿನ ವಿಡಿಯೊ ತೆಗೆದೆವು. ಸೆಕೆಂಡಿಗೆ 30 ಫ್ರೇಮ್. ರಾತ್ರಿ ಕೂತು ಫ್ರೇಮ್ ಎಣಿಸುವುದು. ಚುನಾವಣೆ ಎಣಿಕೆ ಕೇಂದ್ರದಲ್ಲಿ ಕಾದ ಅನುಭವ ಇದ್ದವರಿಗೆ ಇದು ಬೇಸರವೇನಲ್ಲ.

ಯಲಬುರ್ಗಾ–ಕುಷ್ಟಗಿ ನಡುವಿನ ಒಂದು ನೇರ ರಸ್ತೆ ಆರಿಸಿಕೊಂಡೆವು. ಅಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಗಾಳಿ ಇರುವುದಕ್ಕೇ ಅವನ್ನು ನಿಲ್ಲಿಸಿದ್ದು, ಹಾಗಾಗಿ ರೆಕ್ಕೆ ನಿಂತಿರುವ ದಿನ ಬರುವವರೆಗೆ ನಾವು ಕಾಯಬೇಕಾಯಿತು. ಬೆಳಿಗ್ಗೆ ಆರು ಗಂಟೆ, ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವ ಮೊದಲು, ನಾಲ್ಕನೇ ಗೇರಿನಲ್ಲಿ, ಆ ಕಡೆ ಮೂರು ಸಲ, ಈ ಕಡೆ ಮೂರು ಸಲ. ಆರರ ಸರಾಸರಿ. ಏನೂ ಬದಲಿಸದೆ ಓಡಿಸಿದರೂ ಒಂದು ಓಟಕ್ಕೂ ಇನ್ನೊಂದಕ್ಕೂ 0.2 ಸೆಕೆಂಡ್ ವ್ಯತ್ಯಾಸ ಬರುತ್ತಿತ್ತು. ಹಾಗಾಗಿ ಅದಕ್ಕಿಂತ ಸಣ್ಣ ‘ಲಾಭ’ವನ್ನು ಲಾಭವೆಂದು ಬರೆದುಕೊಳ್ಳಬಾರದು ಎಂದು ಮೊದಲೇ ನಿಶ್ಚಯಿಸಿದೆವು.

ಹೊತ್ತು ಮುಖ್ಯ. ಬಿಸಿಯಾದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್‌ಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಮುಂಜಾನೆಗಿಂತ 40 ಡಿಗ್ರಿಯ ಮಧ್ಯಾಹ್ನದಲ್ಲಿ ಗಾಳಿಯ ಸಾಂದ್ರತೆ ಶೇ 6ರಷ್ಟು ಕಡಿಮೆ. ಮಧ್ಯಾಹ್ನ ಹಳೇ ಸೈಲೆನ್ಸರ್, ಮರುದಿನ ಮುಂಜಾನೆ ಹೊಸ ಸೈಲೆನ್ಸರ್ ಇಟ್ಟು ಓಡಿಸಿದವನಿಗೆ ಪಿಕಪ್ ಏರಿದಂತೆ ಅನ್ನಿಸದೆ ಇರುತ್ತದೆಯೇ? ಕೊಪ್ಪಳ ಬೇರೆ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಎತ್ತರದಲ್ಲಿದೆ, ಅಲ್ಲೂ ಗಾಳಿಯ ಒತ್ತಡದಲ್ಲಿ ಶೇ 6ರಷ್ಟು ಹೋಯಿತು.

ಮೊದಲ ದಿನ, ಗಾಡಿ ಇದ್ದ ಸ್ಥಿತಿಯಲ್ಲಿ, 7.9 ಸೆಕೆಂಡ್. ಆಮೇಲೆ ಬರೀ ಸರ್ವಿಸ್ ಮಾಡಿಸಿದೆವು: ಹೊಸ ಏರ್ ಫಿಲ್ಟರ್, ಹೊಸ ಪ್ಲಗ್, ಟ್ಯಾಪೆಟ್ ಸೆಟ್ಟಿಂಗ್, ಕಾರ್ಬೊರೇಟರ್ ಸ್ವಚ್ಛ, ಚೈನ್‌ಗೆ ಎಣ್ಣೆ, ತಾಗುತ್ತಿದ್ದ ಹಿಂದಿನ ಬ್ರೇಕ್ ಸಡಿಲ, ಟೈರಿಗೆ ಸರಿಯಾದ ಗಾಳಿ. 650 ರೂಪಾಯಿ. ಸಮಯ 7.2ಕ್ಕೆ ಇಳಿಯಿತು. ನ್ಯೂಟ್ರಲ್‌ನಲ್ಲಿ ಉರುಳುವ ಸಮಯವೂ 13.3ರಿಂದ 14 ಸೆಕೆಂಡಿಗೆ ಏರಿತು. ಗಳಿಕೆ ಸುಮಾರು 330 ವ್ಯಾಟ್, ಅದರಲ್ಲಿ ಮೂರರಲ್ಲೊಂದು ಪಾಲು ಎಂಜಿನ್ನಿನದ್ದೇ ಅಲ್ಲ, ಚೈನು, ಬ್ರೇಕು, ಟೈರಿನದ್ದು. ಚಕ್ರಕ್ಕೆ ಮುಟ್ಟುತ್ತಿದ್ದ ಒಟ್ಟು ಶಕ್ತಿ ಏಳೂವರೆ ಪಿಎಸ್ ದಾಟಿತ್ತು. ಕಂಪನಿಯ 13.2 ಎಲ್ಲಿ ಹೋಯಿತು ಎಂದು ಕೇಳಬೇಡಿ. ಅದು ಎಂಜಿನ್ನಿನ ತುದಿ ವೇಗದ ಲೆಕ್ಕ, ನಾಲ್ಕನೇ ಗೇರಿನ 40–70ರಲ್ಲಿ ಎಂಜಿನ್ ಅಷ್ಟು ತಿರುಗುವುದೇ ಇಲ್ಲ.

ಮುಂದಿನದು ಸೈಲೆನ್ಸರ್, 1,800 ರೂಪಾಯಿ. ಸ್ಟಾರ್ಟ್ ಮಾಡಿದ ಕೂಡಲೇ ಗ್ಯಾರೇಜಿನಲ್ಲಿದ್ದ ಹುಡುಗರೆಲ್ಲ ‘ಅಣ್ಣಾ, ಏನ್ ಪವರ್ ಬಂತ್ಲಾ!’ ಎಂದರು. ಓಡಿಸುವಾಗ ನಮಗೂ ಹಾಗೇ ಅನ್ನಿಸಿತು. ವಿಡಿಯೊ ಎಣಿಸಿದರೆ 7.4 ಸೆಕೆಂಡ್. ಹೊಗೆ ಸಲೀಸಾಗಿ ಹೊರಹೋದಾಗ ಒಳಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. 120 ರೂಪಾಯಿಗೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿದ ಮೇಲೆ 7.1. ಮೊದಲಿಗಿಂತ 50 ವ್ಯಾಟ್ ಹೆಚ್ಚು, ಅಂದರೆ ನಮ್ಮ ಅಳತೆಯ ತಪ್ಪಿನೊಳಗೇ ಮುಳುಗಿಹೋಗುವಷ್ಟು. ಸುಮಾರು ಎರಡು ಸಾವಿರ ರೂಪಾಯಿಗೆ ಬಂದದ್ದು ಸದ್ದು.

ಆ ಸದ್ದು ನಮ್ಮ ಕೆಲಸಕ್ಕೆ ಆಗದು. ಬೆಳೆ ಒಣಗಿ, ಸಾಲ ಏರಿ, ಜೀವ ಕಳೆದುಕೊಂಡ ರೈತನ ಮನೆಯ ಓಣಿಗೆ ನಾವು ಹೋಗುತ್ತೇವೆ. ಅಂಗಳದಲ್ಲಿ ಹೆಂಗಸರು ಅಳುತ್ತ ಕೂತಿರುವಲ್ಲಿಗೆ ಭಡಭಡ ಮಾಡುತ್ತ ಇಳಿಯುವುದು ಹೇಗೆ? ಕಾನೂನು ಬೇರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, ಶಬ್ದಕ್ಕೆ 190ನೇ ಸೆಕ್ಷನ್ ಇದೆ. ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ಫೋಟೊಗಳನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ. ಸೈಲೆನ್ಸರ್, ಜೆಟ್ ಎರಡೂ ವಾಪಸ್ ಹೋದವು.

ಕೋನ್ ಫಿಲ್ಟರ್ ಕಥೆ ಎರಡೇ ದಿನ. ಸಮಯ 7.1, ಅಂದರೆ ಏನೂ ಇಲ್ಲ. ಗಿಣಿಗೇರಿ ಸುತ್ತ ಕಾರ್ಖಾನೆಗಳ ಕರಿ ಧೂಳು, ಕುಷ್ಟಗಿ ಕಡೆ ಗ್ರಾನೈಟ್ ಲಾರಿಗಳ ಬಿಳಿ ಧೂಳು. ಎರಡನೇ ಸಂಜೆ ಫಿಲ್ಟರ್ ಕಳಚಿ, ಕಾರ್ಬೊರೇಟರಿನ ಬಾಯಿಯೊಳಗೆ ಬಿಳಿ ಬಟ್ಟೆ ಆಡಿಸಿದೆವು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಆ ಧೂಳಿನ ಮುಂದಿನ ದಾರಿ ಪಿಸ್ಟನ್. ಕಂಪನಿಯ ಫಿಲ್ಟರ್ ಡಬ್ಬಿಯನ್ನು ಅವತ್ತೇ ಮತ್ತೆ ಕೂರಿಸಿದೆವು.

ಕೊನೆಯದು ಮುಂದಿನ ಸ್ಪ್ರಾಕೆಟ್. ಮಿಸ್ತ್ರಿ ಇದನ್ನು ಹೇಳಿರಲೇ ಇಲ್ಲ, ಬಹುಶಃ ಇದರಲ್ಲಿ ಸದ್ದೂ ಇಲ್ಲ, ಲಾಭವೂ ಇಲ್ಲ ಎಂದು. ಒಂದು ಹಲ್ಲು ಕಡಿಮೆ ಇರುವುದು ಹಾಕಿಸಿದೆವು. 13 ಇದ್ದದ್ದು 12 ಆದರೆ ಚಕ್ರಕ್ಕೆ ಸಿಗುವ ಎಳೆತ ಶೇ 8ರಷ್ಟು ಹೆಚ್ಚುತ್ತದೆ. ಮೀಟರನ್ನು ಮತ್ತೆ ಜಿಪಿಎಸ್‌ಗೆ ತಾಳೆ ಹಾಕಿ ಓಡಿಸಿದರೆ 6.5 ಸೆಕೆಂಡ್! ಆದರೆ ಇದೂ ಪವರ್ ಅಲ್ಲ. ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುತ್ತಿದೆ, ಅಷ್ಟೇ. ಎಂಜಿನ್ ಮೊದಲಿನಷ್ಟೇ ತಿರುಗುವಂತೆ 37ರಿಂದ 65 ಕಿ.ಮೀ.ವರೆಗೆ ಅಳೆದಾಗ ಲೆಕ್ಕ ಮತ್ತೆ ಅದೇ ಏಳೂವರೆ ಪಿಎಸ್ ಆಸುಪಾಸಿಗೆ ಬಂದು ನಿಂತಿತು. ಎಂಜಿನ್ ಬೆಳೆದಿಲ್ಲ, ಇದ್ದ ಬಲ ನಮಗೆ ಬೇಕಾದ ಕಡೆ ಸಿಗುತ್ತಿದೆ.

ಅದಕ್ಕೆ ಬೆಲೆಯೂ ಇದೆ. ಲೀಟರಿಗೆ 42 ಕೊಡುತ್ತಿದ್ದ ಗಾಡಿ 39ಕ್ಕೆ ಇಳಿಯಿತು. ದಿನಕ್ಕೆ ನೂರು ಕಿಲೋಮೀಟರ್ ಓಡುವ ನಮಗೆ ತಿಂಗಳಿಗೆ ಹತ್ತಿರಹತ್ತಿರ ಐದು ಲೀಟರ್ ಹೆಚ್ಚು. ಹೆದ್ದಾರಿಯಲ್ಲಿ ಎಂಜಿನ್ ಕೂಗುತ್ತದೆ. ಎರೆ ಮಣ್ಣಿನ ಕೆಸರಿನಲ್ಲಿ ಮಾತ್ರ ಕ್ಲಚ್ ಹಿಡಿದು ಹಿಡಿದು ಸುಡುವ ಕಷ್ಟ ತಪ್ಪಿದೆ, ಇಬ್ಬರೂ ಕೂತು ದಿಬ್ಬ ಏರಬಹುದು.

ಇದೇ ಗಾಡಿಗೆ ಕರಿಜ್ಮಾದ 223 ಸಿಸಿ ಎಂಜಿನ್ ಕೂರಿಸುವ ಶೋಕಿದಾರರಿದ್ದಾರೆ. ನಿಜವಾದ ಪವರ್ ಬೇಕಾದವರಿಗೆ ಅದೇ ದಾರಿ, ಆದರೆ ಅದು ಆರ್‌ಟಿಒ ಮೆಟ್ಟಿಲು ಹತ್ತುವ ಕೆಲಸ, ಹತ್ತು ಸಾವಿರದ ಮಾತಂತೂ ಅಲ್ಲ.

ಉಳಿದ ದುಡ್ಡಿನಲ್ಲಿ ಹಿಂದಿನ ಟೈರ್ ಹೊಸದು ಹಾಕಿಸಿದೆವು, ಮಂಕಾಗಿದ್ದ ಹೆಡ್‌ಲೈಟ್ ಸರಿ ಮಾಡಿಸಿದೆವು. ಸಣ್ಣ ಸ್ಪ್ರಾಕೆಟ್ ಈಗ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಹಾಕುತ್ತೇವೆ, ಭತ್ತದ ಕೊಯ್ಲು ಮುಗಿದು ದಾರಿ ಒಣಗಿದ ಮೇಲೆ ತೆಗೆಯುತ್ತೇವೆ. ಬದಲಿಸಲು ಅರ್ಧ ಗಂಟೆ ಸಾಕು.